ಉಗುರಿನಿಂದ ಮೈಕ್ ಕೆರೆದು ನೋಡಿ

ಪ್ರಶ್ನೆ: ಪುಣೆಯಲ್ಲಿರುವ ಮೊಮ್ಮಕ್ಕಳಿಗೆ ದಿನಕ್ಕೊಂದು ಕಥೆ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ದನಿ ಇನ್ನೂ ಚೆನ್ನಾಗಿ ಬರಲಿ ಅಂತ ವೈರ್ ಇರುವ ಕಾಲರ್ ಮೈಕ್ ತರಿಸಿದೆ. ಅದನ್ನು ಹಾಕಿದ ಮೇಲೆ ದನಿ ಮೊದಲಿಗಿಂತ ಸಣ್ಣಗಾಗಿದೆ! ಮೊಮ್ಮಗ "ಅಜ್ಜಿ, ಬಾವಿಯೊಳಗೆ ಕೂತಿದ್ದೀಯಾ?" ಅಂತ ಕೇಳುತ್ತಾನೆ. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿಯೂ ನೋಡಿದೆ. ಮೈಕ್ ಕೆಟ್ಟಿದೆಯಾ?
– ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ನಿಮ್ಮ ಮೊಮ್ಮಗನ ಕಿವಿ ಚುರುಕು, ಟೀಚರ್. ನೀವು "ದನಿ ಸಣ್ಣ" ಅಂತಷ್ಟೇ ಬರೆದಿದ್ದರೆ ನಾನು ಹತ್ತು ಕಾರಣ ಹುಡುಕುತ್ತಿದ್ದೆ. ಅವನ "ಬಾವಿ" ಅನ್ನುವ ಮಾತು ದಾರಿ ತೋರಿಸಿತು. ಬಾವಿಯ ದನಿ ಅಂದರೆ ಗೋಡೆಗೆ ಬಡಿದು ತಿರುಗಿ ಬಂದ ದನಿ. ಗದ್ದದ ಕೆಳಗೆ ಸಿಕ್ಕಿಸಿದ ಮೈಕಿಗೆ ಅದು ಕೇಳಿಸುವುದು ಬಹಳ ಕಡಿಮೆ. ದೂರದಲ್ಲಿರುವ ಮೈಕಿಗೆ ಜಾಸ್ತಿ.

ಅಂದರೆ ನಿಮ್ಮ ಹೊಸ ಮೈಕ್ ಕೆಲಸವನ್ನೇ ಮಾಡುತ್ತಿಲ್ಲ ಅಂತ ನನ್ನ ಅನುಮಾನ. ಮೊದಲು ಫೋನ್ ಕೈಯಲ್ಲಿ, ಬಾಯಿಯ ಹತ್ತಿರ ಇರುತ್ತಿತ್ತು. ಈಗ ವೈರ್ ಉದ್ದ ಇದೆಯಲ್ಲ ಅಂತ ಫೋನನ್ನು ಟೀಪಾಯಿ ಮೇಲಿಟ್ಟು ಕೂರುತ್ತಿದ್ದೀರಿ, ಅಲ್ವಾ? ಫೋನು ಅಲ್ಲಿಂದಲೇ, ತನ್ನದೇ ಮೈಕಿನಲ್ಲಿ ನಿಮ್ಮ ಕಥೆ ಕೇಳಿಸಿಕೊಳ್ಳುತ್ತಿದೆ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ರೆಕಾರ್ಡಿಂಗ್ ಶುರು ಮಾಡಿ, ಏನೂ ಮಾತಾಡದೆ ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಕೆರೆಯಿರಿ. ಆಮೇಲೆ ಫೋನಿನ ಕೆಳಗಡೆ ಸಣ್ಣ ತೂತು ಇರುತ್ತದಲ್ಲ, ಅಲ್ಲಿ ಕೆರೆಯಿರಿ. ಹಾಕಿ ಕೇಳಿ. ಯಾವುದು ಕಿವಿಗೆ ಕರಕರ ಅಂತ ಹೊಡೆಯುತ್ತದೋ ಆ ಮೈಕೇ ನಿಮ್ಮನ್ನು ಕೇಳುತ್ತಿರುವುದು. ಇಪ್ಪತ್ತು ವರ್ಷ ಮದುವೆ ಮನೆ, ಜಾತ್ರೆ, ಯಕ್ಷಗಾನ ಅಂತ ಮೈಕ್‌ಸೆಟ್ ಕಟ್ಟಿದವನು ನಾನು. "ಹಲೋ, ಮೈಕ್ ಟೆಸ್ಟಿಂಗ್" ಅನ್ನುವುದಕ್ಕಿಂತ ಈ ಕೆರೆತದ ಮೇಲೆ ನನಗೆ ನಂಬಿಕೆ ಜಾಸ್ತಿ. ಹಲೋ ಅಂದರೆ ಹತ್ತಿರದ ಮೈಕೂ ಕೇಳುತ್ತದೆ, ದೂರದ ಮೈಕೂ ಕೇಳುತ್ತದೆ.

ಫೋನಿನ ಮೈಕೇ ಗೆದ್ದರೆ, ಕಾಲರ್ ಮೈಕಿನ ಪಿನ್ ಹೊರತೆಗೆದು ಅದರ ಮೇಲಿನ ಗೆರೆಗಳನ್ನು ಎಣಿಸಿ. ಎರಡು ಗೆರೆ ಇದ್ದರೆ ಅದು ಕ್ಯಾಮೆರಾಕ್ಕೆ ಮಾಡಿದ ಪಿನ್. ಫೋನಿಗೆ ಮೂರು ಗೆರೆಯದ್ದು ಬೇಕು. ನೋಡಲು ಎರಡೂ 3.5 ಮಿಲಿಮೀಟರ್ ದಪ್ಪವೇ, ತೂತಿನೊಳಗೆ ಸಲೀಸಾಗಿ ಹೋಗುತ್ತವೆ. ಆದರೆ ಫೋನು ಮೈಕಿನ ದನಿಗೆ ಕಾಯುವುದು ಪಿನ್ನಿನ ಬುಡದ ಭಾಗದಲ್ಲಿ. ಕ್ಯಾಮೆರಾ ಪಿನ್ ದನಿ ತರುವುದು ತುದಿಯಲ್ಲಿ. ತುದಿ ಅಂದರೆ ಫೋನಿನ ಲೆಕ್ಕದಲ್ಲಿ ಎಡಗಿವಿಗೆ ಹಾಡು ಕಳಿಸುವ ಜಾಗ. ಹೀಗಾಗಿ ಅದು "ಯಾರೋ ಬರೀ ಹೆಡ್‌ಫೋನ್ ಹಾಕಿದ್ದಾರೆ" ಅಂದುಕೊಂಡು ತನ್ನ ಮೈಕನ್ನೇ ಬಳಸುತ್ತದೆ. ನಿಮಗೊಂದು ಮಾತೂ ಹೇಳುವುದಿಲ್ಲ.

ಮೊಬೈಲ್ ಅಂಗಡಿಯಲ್ಲಿ ಎರಡು ಗೆರೆಯಿಂದ ಮೂರು ಗೆರೆಗೆ ಮಾಡುವ ಮೈಕ್ ಕನ್ವರ್ಟರ್ ಕೇಳಿ. ಇಬ್ಬರು ಒಟ್ಟಿಗೆ ಹಾಡು ಕೇಳುವ ಸ್ಪ್ಲಿಟರ್ ಕೂಡ ಹಾಗೇ ಕಾಣುತ್ತದೆ, ಅದು ಬೇಡ. ಫೋನಿನಲ್ಲಿ ದುಂಡು ತೂತೇ ಇಲ್ಲದೆ ಟೈಪ್‌-ಸಿ ಕನ್ವರ್ಟರ್ ಹಾಕುತ್ತಿದ್ದರೆ ಅದನ್ನೂ ಅನುಮಾನಿಸಿ. ಕೆಲವು ಕನ್ವರ್ಟರ್‌ಗಳು ಹಾಡು ಕೇಳಿಸುತ್ತವೆ, ಮೈಕ್ ಒಯ್ಯುವುದಿಲ್ಲ. ಅಂಗಡಿಯಲ್ಲೇ ಕೆರೆದು ನೋಡಿ ದುಡ್ಡು ಕೊಡಿ.

ಕಾಲರ್ ಮೈಕೇ ಗೆದ್ದೂ ದನಿ ಸಣ್ಣ ಅಂತಾದರೆ, ವೈರಿನ ನಡುವೆ ಪುಟ್ಟ ಡಬ್ಬಿ ಇದೆಯಾ ನೋಡಿ. ಅದರಲ್ಲಿ ಫೋನ್, ಕ್ಯಾಮೆರಾ ಅಂತ ಸ್ವಿಚ್ ಇದ್ದರೆ ಫೋನ್ ಕಡೆಗೆ ತಳ್ಳಿ. ಬಟನ್ ಸೆಲ್ ಇರುವ ಮೈಕ್ ಆದರೆ ಸೆಲ್ ಬದಲಾಯಿಸಿ.

ಇನ್ನು ಸಿಕ್ಕಿಸುವ ಜಾಗ. ಗದ್ದದಿಂದ ಒಂದು ಗೇಣು ಕೆಳಗೆ ಸಾಕು. ಎರಡು ಗೇಣಿಗೆ ಇಳಿಸಿದರೆ ಮೈಕಿಗೆ ಸಿಗುವ ದನಿ ಹೆಚ್ಚುಕಡಿಮೆ ಅರ್ಧ. ನಮ್ಮ ಕಸುಬಿನಲ್ಲಿ 6 ಡೆಸಿಬೆಲ್ ಇಳಿಯಿತು ಅನ್ನುತ್ತೇವೆ. ಸೆರಗಿನ ಮಡಿಕೆಯೊಳಗೆ ಅಡಗಿಸಬೇಡಿ, ಸೆರಗಿನ ಅಂಚಿಗೆ ಹೊರಗೆ ಕಾಣುವಂತೆ ಸಿಕ್ಕಿಸಿ. ಕೊರಳ ಸರ ತಾಗಿದರೆ ಟಿಕ್ ಟಿಕ್ ಅನ್ನುತ್ತದೆ. ಕಥೆ ಮುಗಿಯುವವರೆಗೆ ಸರವನ್ನು ಒಳಗೆ ಹಾಕಿಕೊಳ್ಳಿ.

ಅಂದಹಾಗೆ, ಫೋನಿನ ಪಕ್ಕದ ವಾಲ್ಯೂಮ್ ಬಟನ್ ನಾವು ಕೇಳುವುದಕ್ಕೆ. ರೆಕಾರ್ಡ್ ಆಗುವ ದನಿಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ವೇದಿಕೆಯಲ್ಲಿ ಹಾಡುವ ಮೈಕನ್ನು ಕನ್ವರ್ಟರ್ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಉಗುರಿನಿಂದ ಕೆರೆದರೆ ಅದೇ ಮೈಕ್ ಕೇಳಿಸುತ್ತದೆ. ಆದರೆ ಕೂಗಿದರೂ ದನಿ ಪಿಸುಮಾತಿನಂತೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಮೈಕಿನ ದನಿ ಹೆಚ್ಚಿಸುವ ಬೂಸ್ಟ್ ಏರಿಸಿದರೆ ಬರೀ ಸುಯ್ ಅನ್ನುತ್ತದೆ.
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೈಕ್ ಸರಿಯಾಗಿಯೇ ಇದೆ, ಜೋಡಿ ತಪ್ಪಿದೆ. ವೇದಿಕೆಯ ಡೈನಮಿಕ್ ಮೈಕ್ ಹುಟ್ಟಿಸುವ ಕರೆಂಟು ತೀರಾ ಸಣ್ಣದು. 1966ರಿಂದ ವೇದಿಕೆ ಆಳುತ್ತಿರುವ ಶೂರ್ ಎಸ್‌ಎಂ58 ಕೂಡ ಬಾಯಿಗೆ ಹತ್ತಿರ ಹಿಡಿದು ಜೋರಾಗಿ ಮಾತಾಡಿದರೆ ಸುಮಾರು 2 ಮಿಲಿವೋಲ್ಟ್ ಕೊಟ್ಟೀತು. ಗೋಡೆ ಗಡಿಯಾರದ ಒಂದು ಸೆಲ್‌ನಲ್ಲಿ 1500 ಮಿಲಿವೋಲ್ಟ್ ಇರುತ್ತದೆ. ಆ ಚೂರನ್ನು ಎತ್ತಿ ಹಿಡಿಯುವ ಪ್ರಿಆಂಪ್ ಮೈಕ್‌ಸೆಟ್ಟಿನಲ್ಲಿ ಇರುತ್ತದೆ. ಲ್ಯಾಪ್‌ಟಾಪಿನ ತೂತು ಹೆಡ್‌ಸೆಟ್ ಮೈಕಿಗೆ ಅಂತ ಮಾಡಿದ್ದು. ಬೂಸ್ಟನ್ನು 30 ಡೆಸಿಬೆಲ್ಲಿಗೆ ಏರಿಸಿದರೆ ನಿಮ್ಮ ದನಿಯ ಜೊತೆ ಒಳಗಿನ ಸುಯ್ ಕೂಡ ಅಷ್ಟೇ ಏರುತ್ತದೆ.

ಒಂದು ಆಡಿಯೋ ಇಂಟರ್ಫೇಸ್ ತೆಗೆದುಕೊಳ್ಳಿ, ಅಂದರೆ ಪ್ರಿಆಂಪ್ ಒಳಗೇ ಇರುವ, ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಸಿಕ್ಕಿಸುವ ಡಬ್ಬಿ. ದುಡ್ಡು ಜಾಸ್ತಿ ಅನ್ನಿಸಿದರೆ ಗೆಳೆಯರ ಹತ್ತಿರ ಯುಎಸ್‌ಬಿ ಇರುವ ಮಿಕ್ಸರ್ ಇದೆಯಾ ಕೇಳಿ. ಕಂಡೆನ್ಸರ್ ಮೈಕ್ ಕೊಳ್ಳುವ ಯೋಚನೆ ಇದ್ದರೂ ಇಂಟರ್ಫೇಸ್ ಬೇಕೇ ಬೇಕು. ಸ್ಟುಡಿಯೋ ಕಂಡೆನ್ಸರಿಗೆ 48 ವೋಲ್ಟ್ ಬೇಕು, ಲ್ಯಾಪ್‌ಟಾಪಿನ ತೂತಿನಲ್ಲಿ ಅಷ್ಟು ಸಿಗುವುದಿಲ್ಲ. ರೆಕಾರ್ಡ್ ಮಾಡುವಾಗ ಮೀಟರ್ ಜೋರು ಮಾತಿಗೆ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ಲಿನ ನಡುವೆ ಕುಣಿಯಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ.

ಪ್ರಶ್ನೆ: ದೇವಸ್ಥಾನದ ಹರಿಕಥೆಯನ್ನು ಒಂದೇ ಮೈಕಿನಿಂದ ಕ್ಯಾಮೆರಾಕ್ಕೆ ರೆಕಾರ್ಡ್ ಮಾಡಿದೆ. ಹೆಡ್‌ಫೋನಿನಲ್ಲಿ ಜೋರಾಗಿ ಕೇಳುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ದಾಸರ ದನಿ ಇಲ್ಲವೇ ಇಲ್ಲ!
– ಒಬ್ಬ ಓದುಗ, ಕುಂದಾಪುರ

ಉತ್ತರ: ಇದೇ ಪೆಟ್ಟು ನಾನೂ ತಿಂದಿದ್ದೇನೆ. ಒಂದು ಮದುವೆಯ ಹಾಡುಗಳು ಹೀಗೇ ಮಾಯವಾಗಿ, ರಾತ್ರಿಯಿಡೀ ಮೆಮೊರಿ ಕಾರ್ಡಿಗೆ ಬೈಯುತ್ತ ಕೂತಿದ್ದೆ. ತಪ್ಪು ಕೇಬಲಿನದ್ದು. ಮೂರು ಕಾಲಿನ ಮೈಕ್ ಪಿನ್ನಿನಲ್ಲಿ ದನಿ ಎರಡು ತಂತಿಯಲ್ಲಿ ಬರುತ್ತದೆ, ಒಂದರದ್ದು ಇನ್ನೊಂದಕ್ಕೆ ತಿರುಗುಮುರುಗು. ಕೆಲವು ಕೇಬಲ್‌ಗಳು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕೊಡುತ್ತವೆ. ಹೆಡ್‌ಫೋನಿನಲ್ಲಿ ಎರಡು ಕಿವಿಗೆ ಬೇರೆ ಬೇರೆ ಹೋಗುವುದರಿಂದ ಗೊತ್ತಾಗುವುದಿಲ್ಲ. ಒಂದೇ ಸ್ಪೀಕರಿನಲ್ಲಿ ಎರಡೂ ಸೇರಿದಾಗ ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಉಳಿಯುವುದು ಸೊನ್ನೆ.

ಹರಿಕಥೆ ಎಲ್ಲೂ ಹೋಗಿಲ್ಲ. ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಸ್ಟೀರಿಯೋ ಟ್ರ್ಯಾಕನ್ನು ಎರಡು ಮೊನೊ ಟ್ರ್ಯಾಕಾಗಿ ಒಡೆಯಿರಿ. ಒಂದನ್ನು ಅಳಿಸಿ, ಇನ್ನೊಂದನ್ನು ಸೇವ್ ಮಾಡಿ. ಮುಂದಿನ ಸಲಕ್ಕೆ ಬೆಸುಗೆ ಹಾಕುವವರ ಹತ್ತಿರ ಕೇಬಲ್ ಒಯ್ದು, ಮೈಕಿನ 2ನೇ ಕಾಲನ್ನು ಸಣ್ಣ ಪಿನ್ನಿನ ತುದಿಗೂ ನಡುವಿಗೂ, 1 ಮತ್ತು 3ನೇ ಕಾಲನ್ನು ಬುಡಕ್ಕೆ ಸೇರಿಸಿ ಕೊಡಿ ಅನ್ನಿ. ಈ ಕೇಬಲ್ ವೇದಿಕೆಯ ಡೈನಮಿಕ್ ಮೈಕಿಗೆ ಮಾತ್ರ. ಮೇಲೆ ಬಣ್ಣದ ಟೇಪ್ ಸುತ್ತಿಡಿ, ಮಿಕ್ಸರಿನ ಕೇಬಲ್‌ಗಳ ಜೊತೆ ಕಲೆಸಬೇಡಿ.