ತೇಲುವುದಲ್ಲ, ಬೀಳುವುದು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ. ಗಗನಯಾತ್ರಿಗಳು ಯಾಕೆ ತೇಲುತ್ತಾರೆ ಅಂತ ಹೈಸ್ಕೂಲು ಮಕ್ಕಳಿಗಾಗಿ ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

ಭಾಷೆ ಸಲೀಸಾಗಿದೆ. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಿದ ದೃಶ್ಯದಿಂದ ಶುರು ಮಾಡಿದ್ದೂ ಸರಿ. ತೊಂದರೆ ಇರುವುದು 'ಅಷ್ಟು ಎತ್ತರದಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲುತ್ತಾರೆ' ಅನ್ನುವ ಮಾತಿನಲ್ಲಿ. ಓದಲು ಸುಲಭ, ಆದರೆ ತಪ್ಪು. ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲೆ. ಆದರೆ ಸೆಳೆತದ ಲೆಕ್ಕ ಹಾಕುವುದು ಭೂಮಿಯ ಕೇಂದ್ರದಿಂದ, ಅಲ್ಲಿಂದ ನೆಲಕ್ಕೇ ಸುಮಾರು 6,400 ಕಿಲೋಮೀಟರ್ ಇದೆ, ಹಾಗಾಗಿ ಇನ್ನೊಂದು 400 ಸೇರಿದರೆ ಸೆಳೆತ ಸ್ವಲ್ಪ ಇಳಿಯುತ್ತದೆ ಅಷ್ಟೆ. ಇಲ್ಲಿನದರ ಸುಮಾರು 90 ಪರ್ಸೆಂಟ್ ಅಲ್ಲೂ ಇರುತ್ತದೆ. ಸೆಳೆತವೇ ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತದೆ ನೇರವಾಗಿ ಹೊರಟುಹೋಗುತ್ತಿತ್ತು, ಅಲ್ವಾ? ಮುಂದಿನ ಪುಟದಲ್ಲಿ ನೀವೇ, ಚಂದ್ರನನ್ನು ಹಿಡಿದಿಟ್ಟಿರುವುದು ಭೂಮಿಯ ಗುರುತ್ವ ಅಂತ ಬರೆದಿದ್ದೀರಿ. ಚಂದ್ರ ಇರುವುದು 3,84,000 ಕಿಲೋಮೀಟರ್ ಆಚೆ! ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡನ್ನೂ ಜೋಡಿಸಿ ಕೇಳಿದರೆ ಏನು ಹೇಳುತ್ತೀರಿ?

ನಿಜವಾದ ಕಾರಣ ಇದಕ್ಕಿಂತ ಚೆಂದ. ಅವರು ಬೀಳುತ್ತಿದ್ದಾರೆ. ನಿಲ್ದಾಣವೂ ಅವರ ಜೊತೆಗೇ ಬೀಳುತ್ತಿದೆ, ಹಾಗಾಗಿ ಅದರ ನೆಲ ಅವರ ಕಾಲನ್ನು ಮೇಲಕ್ಕೆ ಒತ್ತುವುದಿಲ್ಲ. ನಮಗೆ ಭಾರ ಅನ್ನಿಸುವುದೇ ಆ ಒತ್ತುವಿಕೆಯಿಂದ. ಮತ್ತೆ ಭೂಮಿಗೆ ಬಂದು ಅಪ್ಪಳಿಸುವುದಿಲ್ಲ ಯಾಕೆ? ನಿಲ್ದಾಣ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಓಡುತ್ತಿರುತ್ತದೆ, ಅದು ಒಂದಿಷ್ಟು ಕೆಳಗೆ ಬೀಳುವಷ್ಟರಲ್ಲಿ ದುಂಡಗಿನ ಭೂಮಿಯೂ ಅಷ್ಟೇ ಬಾಗಿ ಕೆಳಗೆ ಸರಿದಿರುತ್ತದೆ. ನ್ಯೂಟನ್ 17ನೇ ಶತಮಾನದಲ್ಲೇ, ಎತ್ತರದ ಬೆಟ್ಟದ ಮೇಲಿಂದ ಫಿರಂಗಿ ಗುಂಡು ಹಾರಿಸುವ ಕಲ್ಪನೆಯಲ್ಲಿ ಇದನ್ನು ಹೇಳಿದ್ದ. ಲೇಖನದ ಅರ್ಧ ಭಾಗ ಇದಕ್ಕೇ ಕೊಡಿ. ಮಕ್ಕಳು ಇಲ್ಲಿ ನಿಂತು ಯೋಚಿಸಬೇಕು, ಅವಸರ ಮಾಡಬೇಡಿ.

ಒಂದು ಪ್ರಯೋಗವನ್ನೂ ಸೇರಿಸಿ. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ತೂತು ಮಾಡಿ ನೀರು ತುಂಬಿ, ಮುಚ್ಚಳ ತೆಗೆದು ಹಿಡಿದರೆ ನೀರು ಚಿಮ್ಮುತ್ತದೆ. ಕೈ ಬಿಟ್ಟರೆ, ನೀರೂ ಬಾಟಲಿಯೂ ಒಟ್ಟಿಗೇ ಬೀಳುವುದರಿಂದ, ಬಾಟಲಿ ಬೀಳುವಷ್ಟು ಹೊತ್ತೂ ಚಿಮ್ಮುವುದು ನಿಲ್ಲುತ್ತದೆ. ಬರೆಯುವ ಮೊದಲು ನೀವೇ ಮಾಡಿ ನೋಡಿ, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದರೆ ಚೆನ್ನಾಗಿ ಕಾಣುತ್ತದೆ.

ಐನ್‌ಸ್ಟೈನ್ ಸಿದ್ಧಾಂತ ವಿವರಿಸಲು ನೀವು ಕೊನೆಗೆ ಕೊಟ್ಟ ಚಾದರದ ಹೋಲಿಕೆ ತೆಗೆದುಬಿಡಿ. ಬಿಗಿದ ಚಾದರದ ಮಧ್ಯೆ ಗುಂಡು ಇಟ್ಟರೆ ಗೋಲಿ ಅದರತ್ತ ಜಾರುತ್ತದೆ, ಗುರುತ್ವ ಅಂದರೆ ಇದೇ ಅಂತೀರಿ. ಗೋಲಿ ಜಾರುವುದು ಭೂಮಿ ಅದನ್ನು ಕೆಳಗೆ ಎಳೆಯುವುದರಿಂದ ತಾನೆ? ಗುರುತ್ವವನ್ನು ಗುರುತ್ವದಿಂದಲೇ ವಿವರಿಸಿದ ಹಾಗಾಯಿತು. ಐನ್‌ಸ್ಟೈನ್ ಬೇಕೇ ಬೇಕು ಅಂದರೆ, ಬೀಳುತ್ತಿರುವ ಮನುಷ್ಯನಿಗೆ ತನ್ನ ಭಾರವೇ ತಿಳಿಯುವುದಿಲ್ಲ ಅಂತ 1907ರಲ್ಲಿ ಅವರಿಗೆ ಹೊಳೆದದ್ದನ್ನು ಬರೆಯಿರಿ. ನಿಮ್ಮ ವಿಷಯಕ್ಕೆ ನೇರವಾಗಿ ಕೂಡುತ್ತದೆ.

'ಗುರುತ್ವಾಕರ್ಷಣೆ'ಯಂಥ ಪದಕ್ಕೆ ಹೆದರಬೇಡಿ, ಮಕ್ಕಳಿಗೆ ಅದು ಪಾಠದಲ್ಲಿ ಗೊತ್ತಿರುತ್ತದೆ. ಅವರಿಗೆ ಕಷ್ಟವಾಗುವುದು ನಡುವೆ ಒಂದು ಕಾರಣ ಬಿಟ್ಟುಹೋದಾಗ. 800 ಪದ ಸಾಕು. ತಿದ್ದಿದ ಮೇಲೆ ನೇರವಾಗಿ ನನಗೇ ಕಳಿಸಿ.