ಪೆಟ್ರೋಲ್ ಕುಡಿದು ಕೂತ ದೋಣಿಯ ಔಟ್‌ಬೋರ್ಡ್ ಎಂಜಿನ್‌ಗೆ
ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತಿ, ಚೋಕ್ ಹಾಕಿ ಹಗ್ಗ ಎಳೆದಷ್ಟೂ ಪೆಟ್ರೋಲ್ ವಾಸನೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ ಅಂದಿರಲ್ಲ, ಅದು ಓವರ್‌ಫ್ಲೋ, ಅಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಹೆಚ್ಚಾಗಿದೆ. ಇನ್ನು ಬಲ್ಬ್ ಮುಟ್ಟಲೇಬೇಡಿ. ಚೋಕ್ ತೆಗೆದು, ಟ್ಯಾಂಕಿನ ಪೈಪ್ ಕಳಚಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ತುದಿ ಒದ್ದೆಯಾಗಿ ಮಿನುಗುತ್ತಿರುತ್ತದೆ, ಒರೆಸಿ ಒಣಗಿಸಿ. ಕಿಡಿ ಹಾರದಂತೆ ಕಿಲ್ ಸ್ವಿಚ್ಚಿನ (ಎಂಜಿನ್ ನಿಲ್ಲಿಸುವ ಸ್ವಿಚ್ಚಿನ) ದಾರ ತೆಗೆದು, ಥ್ರಾಟಲ್ ಹೋದಷ್ಟು ಕೊಟ್ಟು ಐದಾರು ಸಲ ಹಗ್ಗ ಎಳೆಯಿರಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಚಿಮ್ಮುತ್ತದೆ, ಮುಖ ಅಡ್ಡ ಇಡಬೇಡಿ; ಬೀಡಿ ಸೇದುವವರಿದ್ದರೆ ಮೊದಲು ದೂರ ಕಳಿಸಿ. ಆಮೇಲೆ ಪ್ಲಗ್, ಪೈಪ್, ದಾರ ಎಲ್ಲ ಸಿಕ್ಕಿಸಿ, ಚೋಕ್ ಇಲ್ಲದೆ ಸ್ವಲ್ಪ ಥ್ರಾಟಲ್‌ನಲ್ಲಿ ಎಳೆಯಿರಿ. ಹೊಗೆ ಬಂದೀತು, ಹೆದರಬೇಡಿ. ಹಿಡಿದ ಕೂಡಲೇ ಥ್ರಾಟಲ್ ಇಳಿಸಿ.

ಪದೇ ಪದೇ ಹೀಗಾದರೆ ಕಾರ್ಬೊರೇಟರಿನ ಫ್ಲೋಟ್ ನೀಡಲ್‌ನಲ್ಲಿ (ಪೆಟ್ರೋಲ್ ತಡೆಯುವ ಸೂಜಿಯಲ್ಲಿ) ಕಸ ಸಿಕ್ಕಿರಬಹುದು, ಬಿಚ್ಚಿಸಿ ನೋಡಿ. ನಮ್ಮ ಕರಾವಳಿಯ ನಾಡದೋಣಿಯವರಂತೆ ಸೀಮೆಎಣ್ಣೆಯಲ್ಲಿ ಓಡಿಸುವುದಾದರೆ, ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ.