ಬೀನ್ಸ್ ಬೇರಲ್ಲಿ ಗಂಟಿಲ್ಲ: ಪ್ಲಾಸ್ಮಿಡ್ ಕಳೆದುಹೋಯ್ತಾ?

ಅಣ್ಣಾ, ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡೋ ರೈಜೋಬಿಯಂ ಬ್ಯಾಕ್ಟೀರಿಯಾದ ಪ್ಯಾಕೆಟ್ಟನ್ನು ಬೆಲ್ಲದ ನೀರಲ್ಲಿ ಬೆಳೆಸಿ, ಪ್ರತಿ ಬೆಳೆಗೂ ಅದರದ್ದೇ ಹೆಪ್ಪು ಹಾಕ್ತಾ ಬಂದ್ರಿ, ಈಗ ಬೀನ್ಸ್ ಬೇರಲ್ಲಿ ಗಂಟೇ ಕಾಣ್ತಿಲ್ಲ, ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಪ್ಲಾಸ್ಮಿಡ್ (ಮುಖ್ಯ ಡಿಎನ್‌ಎ ಆದ ಕ್ರೋಮೋಸೋಮಿನಿಂದ ಬೇರೆಯಾಗಿ ಇರೋ ಡಿಎನ್‌ಎ ಉಂಗುರ) ತಪ್ಪಿಹೋಯ್ತಾ ಅಂತ ಕೇಳಿದ್ರಿ. ತಪ್ಪಿಹೋಗೋದು ಉಂಟು. ಆದರೆ ನಿಮ್ಮ ಡ್ರಮ್ಮಲ್ಲಿ ಮೊದಲು ಅನುಮಾನ ಪಡಬೇಕಾದ್ದು ಬೇರೆ.

ಬೀನ್ಸ್‌ಗೆ ಗಂಟು ಕಟ್ಟೋ ರೈಜೋಬಿಯಂ ಎಟ್ಲಿಯಲ್ಲಿ ಆ ಕೆಲಸದ ಜೀನ್‌ಗಳು ಇರೋದು ಸುಮಾರು 3,71,000 ಬೇಸ್ ಜೋಡಿಯ (ಡಿಎನ್‌ಎ ಅಕ್ಷರಗಳ ಜೋಡಿ) ಒಂದು ದೊಡ್ಡ ಪ್ಲಾಸ್ಮಿಡ್‌ನಲ್ಲಿ. ಚಿಕ್ಕ ಪ್ಲಾಸ್ಮಿಡ್ ಆಗಿ ಕೋಶದಲ್ಲಿ 20 ಪ್ರತಿ ತೇಲಾಡ್ತಿದ್ರೆ ಹೇಗೆ ಹಂಚಿಹೋದ್ರೂ ಚಿಂತೆಯಿಲ್ಲ. ಒಂದು ಮರಿಕೋಶ ಬರಿಗೈಲಿ ಹೋಗೋದು ಲೆಕ್ಕದ ಪ್ರಕಾರ 5 ಲಕ್ಷಕ್ಕೂ ಹೆಚ್ಚು ವಿಭಜನೆಗೆ ಒಮ್ಮೆ. ದೊಡ್ಡದರ ಪ್ರತಿಗಳು ಒಂದೋ ಎರಡೋ. ಒಡೆಯೋ ಹೊತ್ತಿಗೆ ಎರಡೇ ಇದ್ದು ಅದೃಷ್ಟಕ್ಕೆ ಬಿಟ್ರೆ ಅರ್ಧಕ್ಕರ್ಧ ಸಲ ಒಂದು ಮರಿಗೆ ಏನೂ ಸಿಗಲ್ಲ.

ಅದಕ್ಕೇ ಹಂಚೋ ಏರ್ಪಾಟನ್ನು ಪ್ಲಾಸ್ಮಿಡ್ ತಾನೇ ಹೊತ್ಕೊಂಡಿರುತ್ತೆ. ಇಲ್ಲಿ ರೆಪ್‌ಸಿ ಅನ್ನೋ ಪ್ರೋಟೀನು ಪ್ಲಾಸ್ಮಿಡ್‌ನ ನಕಲು ಶುರು ಮಾಡಿಸುತ್ತೆ, ರೆಪ್‌ಎ ಮತ್ತು ರೆಪ್‌ಬಿ ಹಂಚುತ್ತವೆ. ಇಂಥದೇ ಹಂಚೋ ಜೋಡಿ ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯ ಎಫ್ ಪ್ಲಾಸ್ಮಿಡ್‌ನಲ್ಲೂ ಇದೆ. ಅಲ್ಲಿ ಒಂದು ಪ್ರೋಟೀನು ಪ್ಲಾಸ್ಮಿಡ್‌ನ ಗೊತ್ತಾದ ಜಾಗಕ್ಕೆ ಅಂಟಿಕೊಳ್ಳುತ್ತೆ, ಇನ್ನೊಂದು ಕ್ರೋಮೋಸೋಮಿನ ಮೇಲೆ ಹರಡಿರುತ್ತೆ. ಮೊದಲನೆಯದು ತಾಗಿದಲ್ಲೆಲ್ಲ ಎರಡನೆಯದು ಕಳಚಿಕೊಳ್ಳುತ್ತೆ. ಎಲ್ಲಿ ಇನ್ನೂ ದಟ್ಟವಾಗಿದೆಯೋ ಆ ಕಡೆ ಪ್ಲಾಸ್ಮಿಡ್ ಸರಿಯುತ್ತೆ. ಹೀಗೆ ಎರಡು ಪ್ರತಿ ಎರಡು ದಿಕ್ಕಿಗೆ ಹೋದಮೇಲೆ ಮಧ್ಯೆ ಗೋಡೆ ಏಳುತ್ತೆ. ಜೋರು ಬಿಸಿಗೆ ಸಿಕ್ಕಿದ್ರೆ ಕೆಲವು ತಳಿಗಳಲ್ಲಿ ಈ ಏರ್ಪಾಟು ಕೆಡುತ್ತೆ, ಪ್ಲಾಸ್ಮಿಡ್ ಇಲ್ಲದ ಮರಿಗಳು ಡ್ರಮ್ಮಲ್ಲಿ ಆರಾಮಾಗಿ ಬೆಳೀತವೆ, ಗಂಟು ಮಾತ್ರ ಕಟ್ಟಲ್ಲ.

ಆದರೆ ತೆರೆದ ಬೆಲ್ಲದ ನೀರು ಅಂದ್ರೆ ಯೀಸ್ಟು, ಹುಳಿ ಮಾಡೋ ಬ್ಯಾಕ್ಟೀರಿಯಾಗಳಿಗೆ ಹಬ್ಬ. ರೈಜೋಬಿಯಂ ನಿಧಾನದ ಆಸಾಮಿ. ಹುಳಿ ವಾಸನೆ ಬಂತು ಅಂದ್ರೆ ಆ ಡ್ರಮ್ಮಲ್ಲಿ ಅದು ಅಲ್ಪಸಂಖ್ಯಾತ ಅಂತಲೇ ತಿಳೀರಿ. ಅದನ್ನ ಚೆಲ್ಲಿ, ಅವಧಿ ಮುಗಿಯದ ಹೊಸ ಪ್ಯಾಕೆಟ್ ತನ್ನಿ. ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ.

ಹೂ ಬರೋ ಹೊತ್ತಿಗೆ ಒಂದು ಗಿಡ ಮಣ್ಣಿನ ಹೆಂಟೆ ಸಮೇತ ಅಗೆದು ತೆಗೀರಿ, ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತೆ. ಗಂಟನ್ನು ಉಗುರಲ್ಲಿ ಸೀಳಿದಾಗ ಒಳಗೆ ಕೆಂಪಿದ್ರೆ ಕೆಲಸ ಮಾಡ್ತಿದೆ. ಶೇಂಗಾಕ್ಕೂ ಹೀಗೇನಾ ಅಂತ ಕೇಳಿದವರಿಗೆ: ಅದರ ಗಂಟು ಕಟ್ಟೋ ಬ್ಯಾಕ್ಟೀರಿಯಾ ಬ್ರಾಡಿರೈಜೋಬಿಯಂನಲ್ಲಿ ಈ ಜೀನ್‌ಗಳು ಸಾಮಾನ್ಯವಾಗಿ ಕ್ರೋಮೋಸೋಮಿನಲ್ಲೇ ಇರ್ತವೆ.

ಅಂದಹಾಗೆ ಈ ಬೆಳೆಗೆ ಯೂರಿಯಾ ಎಷ್ಟು ಕೊಟ್ಟಿದ್ರಿ? ಅದು ಜಾಸ್ತಿಯಾದ್ರೂ ಗಂಟು ಕಟ್ಟಲ್ಲ.